ಕೊನೆ ಕೊಯ್ದ ದೋಟಿ ಮತ್ತು ಇಂಗ್ಲಿಷಿನ ಉಪವಾಕ್ಯ

ಶಿರಸಿ ತಾಲೂಕಿನ ಭೈರುಂಬೆ ಸುತ್ತಿನ ಅಡಿಕೆ ತೋಟಗಳಲ್ಲಿ ಕೊಯ್ಲಿನ ಕಾಲಕ್ಕೆ ಸಹಜವಾಗಿ ಹೊರಡುವ ನಾಲ್ಕು ಮಾತು ನೋಡಿ: ಕೊನೆ ಕೊಯ್ದ ಆಳು, ಕೊನೆ ಕೊಯ್ದ ಮರ, ಕೊನೆ ಕೊಯ್ದ ದೋಟಿ, ಕೊನೆ ಕೊಯ್ದ ದಿನ. ಇಲ್ಲಿ ಕೊನೆ ಎಂದರೆ ಅಡಿಕೆಯ ಗೊನೆ, ದೋಟಿ ಎಂದರೆ ಅದನ್ನು ಕೊಯ್ಯುವ ಉದ್ದನೆಯ ಕೋಲು. ನಾಲ್ಕರಲ್ಲೂ ಇರುವುದು ಅದೇ ‘ಕೊಯ್ದ’. ಆದರೆ ಆಳು ಕೊಯ್ದವನು, ಮರ ಕೊಯ್ಯಿಸಿಕೊಂಡದ್ದು, ದೋಟಿ ಸಾಧನ, ದಿನ ಬರೀ ಕಾಲ. ಯಾವ ವಿಭಕ್ತಿ ಪ್ರತ್ಯಯವೂ ಈ ವ್ಯತ್ಯಾಸ ಹೇಳುತ್ತಿಲ್ಲ. ದೋಟಿಯಲ್ಲಿ ಅಡಿಕೆ ಬಿಡುವುದಿಲ್ಲ, ಮರ ತಾನಾಗಿ ಕೊನೆ ಕೊಯ್ಯುವುದಿಲ್ಲ ಎಂದು ಕೇಳುವವನಿಗೆ ಗೊತ್ತಿದೆ. ಉಳಿದದ್ದನ್ನು ಅವನೇ ತುಂಬಿಕೊಳ್ಳುತ್ತಾನೆ.

ಇಂಗ್ಲಿಷ್ ಇಷ್ಟನ್ನು ಕೇಳುವವನಿಗೆ ಬಿಡುವುದಿಲ್ಲ. ಆಳಿಗೆ ‘ದ ಮ್ಯಾನ್ ಹೂ ಕಟ್ ದ ಬಂಚ್’ ಸಾಕು. ಮರಕ್ಕೆ ‘ಫ್ರಮ್ ವಿಚ್’ ಬೇಕು, ದೋಟಿಗೆ ‘ವಿದ್ ವಿಚ್’, ದಿನಕ್ಕೆ ‘ಆನ್ ವಿಚ್’ ಅಥವಾ ‘ವೆನ್’. ಕನ್ನಡ ಮಾಧ್ಯಮದ ಮಕ್ಕಳು ‘ದ ಪೋಲ್ ವಿಚ್ ಹಿ ಕಟ್ ದ ಬಂಚ್’ ಎಂದು ಬರೆದರೆ ಕೆಂಪು ಶಾಯಿ ಬೀಳುತ್ತದೆ. ಅದನ್ನು ಅಜಾಗರೂಕತೆ ಎನ್ನುವುದು ಅನ್ಯಾಯ. ಆ ಮಗು ತನ್ನ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ, ಬೇರೆ ಭಾಷೆಯಲ್ಲಿ ಪಾಲಿಸಿದೆ ಅಷ್ಟೆ.

ನಾಮಪದವನ್ನು ಬಣ್ಣಿಸುವ ಇಂಥ ಉಪವಾಕ್ಯವೇ ಅಡ್ಜೆಕ್ಟಿವ್ ಕ್ಲಾಸ್. ಕನ್ನಡದಲ್ಲಿ ಅದು ನಾಮಪದಕ್ಕಿಂತ ಮೊದಲು, ಇಂಗ್ಲಿಷಿನಲ್ಲಿ ನಂತರ. ಮ್ಯಾಥ್ಯೂ ಡ್ರೈಯರ್ ಎಂಬ ಭಾಷಾವಿಜ್ಞಾನಿ ಜಗತ್ತಿನ 824 ಭಾಷೆಗಳನ್ನು ಈ ದೃಷ್ಟಿಯಿಂದ ವಿಂಗಡಿಸಿದಾಗ 579 ಭಾಷೆಗಳು ಇಂಗ್ಲಿಷಿನ ದಾರಿಯಲ್ಲಿದ್ದವು, 141 ಕನ್ನಡದ ದಾರಿಯಲ್ಲಿ. ಜಪಾನಿ, ಟರ್ಕಿ, ತಮಿಳು ನಮ್ಮ ಜತೆಗಿವೆ. ಇವೆಲ್ಲ ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿಡುವ ಭಾಷೆಗಳು. ಕ್ರಿಯಾಪದದ ಜಾಗಕ್ಕೂ ಉಳಿದ ಪದಗಳ ಜಾಗಕ್ಕೂ ಇರುವ ನಂಟನ್ನು ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ತೋರಿಸಿಕೊಟ್ಟರು. ಅವರು ಆರಿಸಿಕೊಂಡಿದ್ದ 30 ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು ಎಂಬುದು ನಮ್ಮ ಪಾಠಗಳಲ್ಲಿ ಯಾಕೆ ಬರುವುದಿಲ್ಲವೋ!

ಮಕ್ಕಳಿಗೆ ‘ಹೂ’ ಬೇಗ ಕೈಗೆ ಹತ್ತುತ್ತದೆ, ‘ವಿದ್ ವಿಚ್’ ತಡವಾಗಿ. ಇದಕ್ಕೂ ಕಾರಣವಿದೆ. ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಸುಮಾರು 50 ಭಾಷೆಗಳನ್ನು ಪರಿಶೀಲಿಸಿ 1977ರಲ್ಲಿ ಒಂದು ಶ್ರೇಣಿ ಕೊಟ್ಟರು. ಕರ್ತೃವನ್ನು ಬಣ್ಣಿಸುವ ಉಪವಾಕ್ಯ ಎಲ್ಲಕ್ಕಿಂತ ಸುಲಭ, ನಂತರ ಕರ್ಮ. ಸಾಧನ, ಸ್ಥಳದಂಥವು ಇನ್ನೂ ಕೆಳಗೆ. ದೋಟಿ ಆ ಕೆಳಗಿನ ಮೆಟ್ಟಿಲಲ್ಲಿದೆ. ಆದ್ದರಿಂದ ಕಲಿಸುವವರು ಅಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು. ಉಪವಾಕ್ಯವನ್ನು ಬಿಡಿಸಿ ಪೂರ್ತಿ ವಾಕ್ಯ ಮಾಡಿಸಿ: ‘ಹಿ ಕಟ್ ದ ಬಂಚ್ ವಿದ್ ದ ಪೋಲ್’. ಇದರಲ್ಲಿ ಬಂದ ‘ವಿದ್’ ಮತ್ತೆ ಜೋಡಿಸುವಾಗ ಕಳೆಯಬಾರದು. ‘ವಿಚ್’ ಬಂದ ಮೇಲೆ ‘ಇಟ್’ ಮಾತ್ರ ಉಳಿಯಬಾರದು: ‘ದ ಪೋಲ್ ವಿಚ್ ಹಿ ಕಟ್ ದ ಬಂಚ್ ವಿದ್ ಇಟ್’ ಕೂಡ ತಪ್ಪೇ.

ನೌನ್ ಕ್ಲಾಸ್‌ನ ತೊಡಕು ಬೇರೆ ಥರದ್ದು. ಇಲ್ಲಿ ಇಡೀ ವಾಕ್ಯವೇ ಇನ್ನೊಂದು ವಾಕ್ಯದೊಳಗೆ ನಾಮಪದದ ಜಾಗದಲ್ಲಿ ಕೂರುತ್ತದೆ. ಕನ್ನಡ ಅದನ್ನು ‘ಎಂದು’, ‘ಅಂತ’ ಹಚ್ಚಿ ಮುಗಿಸುತ್ತದೆ. ಹವ್ಯಕರ ಮನೆಮಾತಿನಲ್ಲಿ ಆ ಕೆಲಸ ‘ಹೇಳಿ’ಯದು. ಮೂರೂ ಹುಟ್ಟಿದ್ದು ಮಾತಾಡುವ ಕ್ರಿಯೆಯಿಂದ. ಅದಕ್ಕೇ ಇವು ಬಂದಾಗ ಆಡಿದವನ ಮಾತು ಆಡಿದ ಹಾಗೇ ಉಳಿಯುತ್ತದೆ. ‘ನಾಳೆ ಬತ್ತಿ ಹೇಳಿ ಹೇಳಿದ’ (ನಾಳೆ ಬರುತ್ತೇನೆ ಎಂದು ಹೇಳಿದ) ಎಂದರೆ ಬರುವವನು ಅವನೇ, ಹೇಳುತ್ತಿರುವ ನಾನಲ್ಲ. ಇಂಗ್ಲಿಷಿನ ‘ದ್ಯಾಟ್’ ಮೂಲದಲ್ಲಿ ಬೆರಳು ಮಾಡಿ ತೋರಿಸುವ ಪದ. ಅದು ಉಪವಾಕ್ಯದ ಮೊದಲೇ ಬರುತ್ತದೆ, ಬಂದ ಮೇಲೆ ಒಳಗಿನ ಸರ್ವನಾಮ, ಕಾಲ ಎರಡನ್ನೂ ವರದಿ ಮಾಡುವವನ ಕಡೆಗೆ ತಿರುಗಿಸಿಕೊಳ್ಳಬೇಕಾಗುತ್ತದೆ: ‘ಹಿ ಸೆಡ್ ದ್ಯಾಟ್ ಹಿ ವುಡ್ ಕಮ್’. ‘ಹಿ ಸೆಡ್ ದ್ಯಾಟ್ ಐ ವಿಲ್ ಕಮ್’ ಎಂದು ಬರೆದರೆ ಬರುವವರೇ ಬದಲಾಗಿಬಿಟ್ಟರು! ಎಸ್ಸೆಸ್ಸೆಲ್ಸಿಯ ರಿಪೋರ್ಟೆಡ್ ಸ್ಪೀಚ್ ಪ್ರಶ್ನೆ ಕಷ್ಟವೆನಿಸುವುದು ಮುಖ್ಯವಾಗಿ ಇದರಿಂದ ಎಂಬುದು ನನ್ನ ನಂಬಿಕೆ.

ಪ್ರಶ್ನೆ ಒಳಸೇರಿದಾಗಲೂ ಹೀಗೇ. ‘ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ?’ ಎಂಬುದಕ್ಕೆ ‘ಎಂದು ಗೊತ್ತಿಲ್ಲ’ ಸೇರಿಸಿದರೆ ಕನ್ನಡದಲ್ಲಿ ಒಂದು ಪದವೂ ಅಲುಗುವುದಿಲ್ಲ. ಇಂಗ್ಲಿಷಿನಲ್ಲಿ ‘ವೆನ್ ಡಸ್ ದ ಬಸ್ ಕಮ್’ ಎಂಬುದು ಒಳಗೆ ಹೋದಾಗ ‘ಡಸ್’ ಬಿಟ್ಟುಹೋಗಬೇಕು: ‘ಐ ಡೋಂಟ್ ನೋ ವೆನ್ ದ ಬಸ್ ಕಮ್ಸ್’. ‘ಬರುತ್ತದೋ ಇಲ್ಲವೋ’ ಎಂಬಲ್ಲಿ ನಾವು ವಾಕ್ಯದ ತುದಿಗೆ ಹಚ್ಚುವ ‘ಓ’ಕಾರದ ಕೆಲಸವನ್ನು ಅವರಲ್ಲಿ ‘ವೆದರ್’ ಮೊದಲಿಗೇ ನಿಂತು ಮಾಡುತ್ತದೆ.

ಇನ್ನು ಅಲ್ಪವಿರಾಮ. ‘ಶಿರಸಿಯಲ್ಲಿರುವ ನನ್ನ ಅಣ್ಣ’ ಎಂದರೆ ಒಬ್ಬನೇ ಅಣ್ಣನೋ, ಹಲವರಲ್ಲಿ ಶಿರಸಿಯವನೋ ಕನ್ನಡದ ರೂಪ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ‘ಮೈ ಬ್ರದರ್’ ಆದಮೇಲೆ ಅಲ್ಪವಿರಾಮ ಹಾಕಿ ‘ಹೂ ಲಿವ್ಸ್ ಇನ್ ಸಿರ್ಸಿ’ ಎಂದರೆ ಯಾವ ಅಣ್ಣನೆಂಬುದು ಮೊದಲೇ ಗೊತ್ತು, ಊರಿನ ಹೆಸರು ಹೆಚ್ಚಿನ ಮಾಹಿತಿ. ಅಲ್ಪವಿರಾಮ ತೆಗೆದರೆ ಬೇರೆ ಊರಲ್ಲಿ ಇನ್ನೊಬ್ಬ ಅಣ್ಣ ಇದ್ದಾನೆಂದು ಓದುವವರು ತಿಳಿಯುತ್ತಾರೆ.