ಕೈಯ ಕಲ್ಲು, ಕಾಲಡಿಯ ಭೂಮಿ

ಮಂಡ್ಯ, ಮದ್ದೂರು, ಮಳವಳ್ಳಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಬ್ಬಿನ ಗದ್ದೆ, ಭತ್ತದ ಬಯಲು, ತುಂಬಿ ಹರಿಯುವ ಕಾಲುವೆ. ಆದರೆ ಈ ಹಸುರಿನ ಅಡಿಯಲ್ಲಿ ಮಣ್ಣಿನ ಹೊದಿಕೆ ಬಹಳ ತೆಳುವಾದುದು. ಅದು ಮುಗಿದೊಡನೆ ಕಲ್ಲು ಎದುರಾಗುತ್ತದೆಂಬುದನ್ನು ಬಾವಿ ತೋಡಿಸಿದ ರೈತರೆಲ್ಲರೂ ಬಲ್ಲರು. ಆ ಕಲ್ಲಿನ ಕೆಳಗೆ ಏನಿದೆ? ಅದರ ಕೆಳಗೆ? ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂದು ಪಠ್ಯಪುಸ್ತಕದಲ್ಲಿ ಉತ್ತರ ಸಿದ್ಧವಾಗಿದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಯಾರೊಬ್ಬರೂ ಇಳಿದು ನೋಡದ ಈ ಪದರಗಳು ಇರುವುದು ನಿಜವೆಂದು ಗೊತ್ತಾದುದು ಹೇಗೆ ಎಂದು ಕೇಳಿದರೆ ತರಗತಿಯೆಲ್ಲ ಮೌನವಾಗುತ್ತದೆ. ಈ ಮೌನವನ್ನು ಮುರಿಯಲು ದೊಡ್ಡ ಉಪಕರಣಗಳೇನೂ ಬೇಕಿಲ್ಲ. ಒಂದು ತಕ್ಕಡಿ, ಒಂದು ಗೇಣು ದಾರ, ಒಂದು ಪಾತ್ರೆ ನೀರು ಇದ್ದರೆ ನಾವು ಮೊದಲ ಹೆಜ್ಜೆಯನ್ನಿಡಬಹುದು.

ಮೊದಲು ಸಾಂದ್ರತೆ ಎಂದರೇನೆಂದು ತಿಳಿಯೋಣ. ಒಂದು ಮೂಟೆ ಹತ್ತಿಯು ಒಂದು ಕಬ್ಬಿಣದ ಮೊಳೆಗಿಂತ ಎಷ್ಟೋ ಪಾಲು ತೂಕವುಳ್ಳದ್ದು. ಆದರೂ ಕಬ್ಬಿಣವೇ ಭಾರವಾದ ವಸ್ತುವೆಂದು ನಾವು ಹೇಳುತ್ತೇವೆ. ಏಕೆಂದರೆ ಸಮಾನ ಗಾತ್ರದ ಹತ್ತಿಯನ್ನೂ ಕಬ್ಬಿಣವನ್ನೂ ಮನಸ್ಸಿನಲ್ಲಿಯೇ ಹೋಲಿಸಿರುತ್ತೇವೆ. ಒಂದು ಘನ ಸೆಂಟಿಮೀಟರಿನಷ್ಟು ಗಾತ್ರದಲ್ಲಿ ಎಷ್ಟು ಗ್ರಾಂ ದ್ರವ್ಯ ಅಡಗಿದೆಯೋ ಅದೇ ಆ ವಸ್ತುವಿನ ಸಾಂದ್ರತೆ. ನೀರಿಗೆ ಅದು ೧. ಕಬ್ಬಿಣಕ್ಕೆ ಸುಮಾರು ೭.೯, ಚಿನ್ನಕ್ಕೆ ೧೯.೩.

ಮಂಡ್ಯದ ಮಕ್ಕಳಿಗೆ ಇದು ಹೊಸ ವಿಚಾರವಲ್ಲ. ಹಾಲೆಷ್ಟು ನೀರಾಯಿತೆಂಬುದನ್ನು ತೇಲುವ ಗಾಜಿನ ಮಾಪಕವೊಂದು ತೋರಿಸುವುದನ್ನು ಅನೇಕರು ಕಂಡಿರಬಹುದು. ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯಂತಹ ಕಾರ್ಖಾನೆಗಳಿಗೆ ಬಹು ಮುಖ್ಯವಾದ ಬ್ರಿಕ್ಸ್ ಅಳತೆಯ ಹಿಂದೆಯೂ ಇದೇ ತತ್ತ್ವವಿದೆ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಹೆಚ್ಚಿದಂತೆ ಅದರ ಸಾಂದ್ರತೆಯೂ ಏರುತ್ತದೆ. ನೂರಕ್ಕೆ ಇಪ್ಪತ್ತು ಪಾಲು ಸಕ್ಕರೆಯಿದ್ದರೆ ಅದು ಸುಮಾರು ೧.೦೮. ರಸವನ್ನು ಕುದಿಸಿ ಸಕ್ಕರೆ ತೆಗೆಯದೆಯೇ ಅದರೊಳಗಿನ ಸಿಹಿಯನ್ನು ಹೀಗೆ ಅಳೆಯಬಹುದು. ಒಳಗಿರುವುದನ್ನು ತೆರೆದು ನೋಡದೆ ತಿಳಿಯುವ ಉಪಾಯಕ್ಕೆ ಇದೊಂದು ಸೊಗಸಾದ ಉದಾಹರಣೆ.

ಒಂದು ಎತ್ತರದ ಗಾಜಿನ ಲೋಟದಲ್ಲಿ ಬೆಲ್ಲದ ಗಟ್ಟಿ ಪಾಕ, ನೀರು, ಕಡಲೆಕಾಯಿ ಎಣ್ಣೆ ಇವುಗಳನ್ನು ಮೆಲ್ಲನೆ ಸುರಿದು ನೋಡಿರಿ. ಪಾಕವು ತಳವನ್ನು ಸೇರುತ್ತದೆ. ನೀರು ಅದರ ಮೇಲೆ, ಎಣ್ಣೆ ಎಲ್ಲಕ್ಕೂ ಮೇಲೆ ನಿಲ್ಲುತ್ತದೆ. ಎಣ್ಣೆ ಒಂದು ಸೇರಿದ್ದು ನೀರು ಒಂದು ಚಟಾಕು ಇದ್ದರೂ ಮೇಲೆ ನಿಲ್ಲುವುದು ಎಣ್ಣೆಯೇ. ಪದರಗಳ ಸ್ಥಾನವನ್ನು ಗೊತ್ತುಮಾಡುವುದು ಒಟ್ಟು ತೂಕವಲ್ಲ, ಸಾಂದ್ರತೆ. ಭೂಮಿಯು ತನ್ನ ಬಾಲ್ಯದಲ್ಲಿ ಬಹುಮಟ್ಟಿಗೆ ಕರಗಿದ್ದಾಗ ಅಲ್ಲಿಯೂ ಹೀಗೆಯೇ ಆಯಿತೆಂದು ವಿಜ್ಞಾನಿಗಳು ಹೇಳುತ್ತಾರೆ. ಆದರೆ ಸಾಕ್ಷ್ಯವಿಲ್ಲದೆ ನಾವೇಕೆ ನಂಬಬೇಕು?

ಈಗ ಕಲ್ಲಿಗೆ ಬರೋಣ. ಈ ಮೂರು ತಾಲ್ಲೂಕುಗಳ ತಳಹದಿಯು ಮುಖ್ಯವಾಗಿ ಬೂದುಬಣ್ಣದ ಪಟ್ಟೆಗಳುಳ್ಳ ನೈಸ್ ಶಿಲೆ. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು. ಮುಷ್ಟಿಗಾತ್ರದ ಒಂದು ಗಟ್ಟಿ ಕಲ್ಲನ್ನು ಆರಿಸಿ ತೂಗಿರಿ. ಬಳಿಕ ಅದನ್ನು ದಾರದಿಂದ ತಕ್ಕಡಿಗೆ ತೂಗುಹಾಕಿ, ನೀರಿನಲ್ಲಿ ಪೂರ್ತಿಯಾಗಿ ಮುಳುಗಿಸಿ, ತಳಕ್ಕೆ ತಾಗದಂತೆ ಮತ್ತೆ ತೂಗಿರಿ. ಉದಾಹರಣೆಗೆ ಗಾಳಿಯಲ್ಲಿ ೨೭೦ ಗ್ರಾಂ, ನೀರಿನಲ್ಲಿ ೧೭೦ ಗ್ರಾಂ ಬಂದಿತೆನ್ನೋಣ. ಕಡಮೆಯಾದ ೧೦೦ ಗ್ರಾಂ, ಕಲ್ಲು ತಳ್ಳಿದ ನೀರಿನ ತೂಕ. ಎಂದರೆ ಕಲ್ಲಿನ ಗಾತ್ರ ೧೦೦ ಘನ ಸೆಂಟಿಮೀಟರು. ಸಾಂದ್ರತೆ ೨.೭. ನೈಸ್ ಶಿಲೆಯಲ್ಲಿ ಬರುವ ಬೆಲೆ ಬಹುಶಃ ಇದರ ಆಸುಪಾಸಿನಲ್ಲಿಯೇ ಇರುತ್ತದೆ. ನೈಸ್ ಶಿಲೆಯನ್ನು ಸೀಳಿಕೊಂಡು ಬಂದಿರುವ ಕರಿಕಲ್ಲಿನಲ್ಲಾದರೆ ೩ರ ಸಮೀಪ.

ಕೈಯಲ್ಲಿರುವ ಕಲ್ಲನ್ನೇನೋ ತೂಗಿದೆವು. ಭೂಮಿಯನ್ನು ತೂಗುವ ತಕ್ಕಡಿ ಎಲ್ಲಿದೆ? ಭೂಮಿಯ ಸಾಂದ್ರತೆಯು ನೀರಿನ ಐದಾರು ಪಟ್ಟು ಇರಬೇಕೆಂದು ನ್ಯೂಟನ್ನನು ಹದಿನೇಳನೆಯ ಶತಮಾನದಲ್ಲಿಯೇ ಊಹಿಸಿದ್ದನು. ೧೭೯೮ರಲ್ಲಿ ಹೆನ್ರಿ ಕ್ಯಾವೆಂಡಿಷನು ಆ ಊಹೆಯನ್ನು ಅಳತೆಯನ್ನಾಗಿ ಮಾಡಿದನು. ತೆಳುವಾದ ತಂತಿಯಿಂದ ತೂಗುಬಿಟ್ಟ ಸಲಾಕೆಯ ತುದಿಗಳಲ್ಲಿ ಸಣ್ಣ ಸೀಸದ ಗುಂಡುಗಳು. ಅವುಗಳ ಬಳಿ ಸುಮಾರು ೧೫೮ ಕಿಲೋಗ್ರಾಂ ತೂಕದ ಎರಡು ದೊಡ್ಡ ಸೀಸದ ಗೋಳಗಳು. ದೊಡ್ಡವು ಸಣ್ಣವನ್ನು ಎಳೆದಾಗ ತಂತಿ ಕೂದಲೆಳೆಯಷ್ಟು ತಿರುಚಿಕೊಂಡಿತು. ಆ ಸೆಳೆತವನ್ನು ಭೂಮಿಯ ಸೆಳೆತದೊಡನೆ ಹೋಲಿಸಿ ಅವನು ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ಕಂಡುಕೊಂಡನು. ಇಂದು ಅಂಗೀಕೃತವಾದ ಬೆಲೆ ೫.೫೧.

ಇಲ್ಲಿಯೇ ಇರುವುದು ಸ್ವಾರಸ್ಯ. ನಮ್ಮ ಕಲ್ಲು ೨.೭, ಇಡೀ ಭೂಮಿ ೫.೫. ಮೇಲ್ಭಾಗ ಇಷ್ಟು ಹಗುರವಾಗಿದ್ದರೆ ಒಳಭಾಗವು ೫.೫ಕ್ಕಿಂತಲೂ ಹೆಚ್ಚು ಸಾಂದ್ರವಾಗಿರಲೇಬೇಕು. ಮೇಲಿನ ಭಾರದಿಂದ ಒಳಗಿನ ಶಿಲೆ ಅಮುಕಿ ದಟ್ಟವಾಗುವುದು ನಿಜ. ಆದರೆ ಅಮುಕುವಿಕೆಯೊಂದರಿಂದಲೇ ಈ ಅಂತರ ತುಂಬದು. ಒಳಗೆ ಬೇರೆಯೇ ಒಂದು ಭಾರವಾದ ವಸ್ತುವಿರಬೇಕು. ಉಲ್ಕಾಶಿಲೆಗಳಲ್ಲಿ ಕಬ್ಬಿಣ ಮತ್ತು ನಿಕ್ಕಲಿನಿಂದಾದ ಒಂದು ವರ್ಗವೇ ಇರುವುದು ಈ ವಸ್ತು ಯಾವುದೆಂಬುದಕ್ಕೆ ಸುಳಿವನ್ನಿತ್ತಿತು.

ಆ ವಸ್ತು ಎಷ್ಟು ಆಳದಲ್ಲಿ ತೊಡಗುತ್ತದೆಂಬುದನ್ನು ಭೂಕಂಪಗಳು ತಿಳಿಸಿದವು. ೧೮೯೭ರ ಅಸ್ಸಾಮಿನ ಮಹಾಭೂಕಂಪವನ್ನು ಅಭ್ಯಾಸ ಮಾಡಿದ ರಿಚರ್ಡ್ ಓಲ್ಡ್‌ಹ್ಯಾಮ್, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದವರು. ಕಂಪನದ ಅಲೆಗಳಲ್ಲಿ ಬೇರೆ ಬೇರೆ ಬಗೆಗಳುಂಟೆಂದು ಗುರುತಿಸಿದ ಅವರು, ೧೯೦೬ರಲ್ಲಿ ಭೂಮಿಗೆ ಒಂದು ಕೇಂದ್ರಗೋಳವಿರುವುದಕ್ಕೆ ಸಾಕ್ಷ್ಯವನ್ನು ಮುಂದಿಟ್ಟರು. ಅದರ ಅಂಚು ಸುಮಾರು ೨,೯೦೦ ಕಿಲೋಮೀಟರು ಆಳದಲ್ಲಿದೆಯೆಂದು ೧೯೧೪ರಲ್ಲಿ ಗುಟೆನ್‌ಬರ್ಗ್ ಲೆಕ್ಕಹಾಕಿದರು. ಅಡ್ಡಲಾಗಿ ಅಲುಗಾಡಿಸುವ ದ್ವಿತೀಯಕ ಅಲೆಗಳು ದ್ರವದಲ್ಲಿ ಸಾಗಲಾರವು; ಅವು ಈ ಅಂಚಿನಲ್ಲಿಯೇ ನಿಂತುಹೋಗುವುದರಿಂದ ಹೊರ ಕೇಂದ್ರಗೋಳವು ದ್ರವವೆಂದು ತಿಳಿಯಿತು. ಅದರ ನಡುವೆ ಮತ್ತೊಂದು ಗೋಳವಿರುವುದನ್ನು ೧೯೩೬ರಲ್ಲಿ ಡೆನ್ಮಾರ್ಕಿನ ಇಂಗೆ ಲೆಹ್ಮನ್ ಎಂಬ ಮಹಿಳೆ ಕಂಡುಹಿಡಿದರು. ಅದು ಘನವೆಂದು ಇಂದು ತಿಳಿದಿದೆ. ಇಂತಹ ಅಲೆಗಳಿಗೆ ಕಿವಿಗೊಡುವ ಕೇಂದ್ರವೊಂದು ೧೯೬೦ರ ದಶಕದಲ್ಲಿ ನಮ್ಮ ಗೌರಿಬಿದನೂರಿನಲ್ಲಿಯೂ ಸ್ಥಾಪಿತವಾಯಿತು.

ಈ ಅಂಕಿಗಳು ಕ್ಯಾವೆಂಡಿಷನ ಉತ್ತರಕ್ಕೆ ಹೊಂದುವುವೇ? ನಾವೇ ಪರೀಕ್ಷಿಸೋಣ. ಭೂಮಿಯ ತ್ರಿಜ್ಯ ೬,೩೭೧ ಕಿಲೋಮೀಟರು. ಕೇಂದ್ರಗೋಳದ್ದು ಸುಮಾರು ೩,೪೮೦. ಗಾತ್ರವು ತ್ರಿಜ್ಯದ ಘನಕ್ಕೆ ಅನುಗುಣವಾದುದರಿಂದ ಕೇಂದ್ರಗೋಳವು ಭೂಮಿಯ ಗಾತ್ರದಲ್ಲಿ ನೂರಕ್ಕೆ ೧೬ ಪಾಲು ಮಾತ್ರ. ಅದರ ಸರಾಸರಿ ಸಾಂದ್ರತೆ ೧೧, ಉಳಿದ ೮೪ ಪಾಲಿನದು ೪.೪೫ ಎಂದಿಟ್ಟುಕೊಂಡರೆ ೧.೭೬ ಮತ್ತು ೩.೭೪ ಸೇರಿ ೫.೫೦. ಸೀಸದ ಗುಂಡುಗಳೂ ಭೂಕಂಪದ ಅಲೆಗಳೂ ಒಂದೇ ಮಾತನ್ನು ನುಡಿಯುತ್ತವೆ.

ನಮ್ಮ ಕಾಲಡಿಯ ಭೂಕವಚ ಇದರಲ್ಲಿ ಎಷ್ಟರದು? ಕರ್ನಾಟಕದಲ್ಲಿ ಅದರ ದಪ್ಪ ಸುಮಾರು ೩೫ರಿಂದ ೫೦ ಕಿಲೋಮೀಟರು. ಮಂಡ್ಯದಿಂದ ಮದ್ದೂರಿಗೆ ಹೋಗಿ ಹಿಂತಿರುಗುವಷ್ಟು ದೂರ. ಅಷ್ಟನ್ನಾದರೂ ಮನುಷ್ಯ ದಾಟಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೨೦೦೧ರಲ್ಲಿ ಮುಚ್ಚುವ ಮುನ್ನ ಆ ಗಣಿಗಳು ಮೂರು ಕಿಲೋಮೀಟರಿಗೂ ಮೀರಿ ಇಳಿದಿದ್ದವು. ರಷ್ಯಾದ ಕೋಲಾದಲ್ಲಿ ಕೊರೆದ ಅತ್ಯಂತ ಆಳವಾದ ರಂಧ್ರವೂ ೧೨ ಕಿಲೋಮೀಟರು ಚಿಲ್ಲರೆ.

ಒಂದು ಎಚ್ಚರಿಕೆಯ ಮಾತು. ಭಾರವಾದುದೆಲ್ಲ ತಳಕ್ಕೆ, ಹಗುರವಾದುದೆಲ್ಲ ಮೇಲಕ್ಕೆ ಎಂದು ಕಲಿಸಿದರೆ ಅರ್ಧಸತ್ಯವನ್ನು ಕಲಿಸಿದಂತೆ. ಯುರೇನಿಯಂ ಸೀಸಕ್ಕಿಂತ ಸಾಂದ್ರ. ಆದರೂ ಆಮ್ಲಜನಕದೊಡನೆ ಕೂಡಿಕೊಂಡು ಭೂಕವಚದಲ್ಲಿ ಸೇರಿದೆ. ಚಿನ್ನ ಕಬ್ಬಿಣದ ಒಡನಾಡಿ. ಅದರ ಬಹುಪಾಲು ಕೇಂದ್ರಗೋಳಕ್ಕೆ ಇಳಿಯಿತೆಂದೂ ಕೋಲಾರದಲ್ಲಿ ದೊರೆತುದು ಉಳಿದ ಅಲ್ಪಭಾಗದ ಒಂದು ತುಣುಕೆಂದೂ ವಿಜ್ಞಾನಿಗಳ ಅಭಿಪ್ರಾಯ. ಮಂಡ್ಯ ಜಿಲ್ಲೆಯದೇ ಆದ ಮರಳಗಾಲದ ಬಳಿಯ ಶಿಲೆಗಳಲ್ಲಿ ಲಿಥಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯವು ಗುರುತಿಸಿದೆ. ಸೀಮೆ‌ಎಣ್ಣೆಯ ಮೇಲೂ ತೇಲುವ ಆ ಲೋಹ, ಖನಿಜವಾಗಿ ಬೆಸೆದಾಗ ನಮ್ಮ ೨.೭ರ ಕಲ್ಲಿಗಿಂತ ಭಾರವಾಗಬಲ್ಲದು. ಧಾತುಗಳು ಎಲ್ಲಿ ನೆಲೆಸುತ್ತವೆಂಬುದನ್ನು ತೂಕದ ಜೊತೆಗೆ ಅವುಗಳ ಸ್ನೇಹವೂ ನಿರ್ಣಯಿಸುತ್ತದೆ.

ಆದುದರಿಂದ ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೇ: ಪದರಗಳ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವ ಮುನ್ನ ಬೀರುವಿನಲ್ಲಿರುವ ತಕ್ಕಡಿಯನ್ನು ಹೊರತೆಗೆಯಿರಿ, ಮಕ್ಕಳು ತಂತಮ್ಮ ಊರಿನ ಕಲ್ಲನ್ನು ತರಲಿ, ತೂಗಲಿ, ೨.೭ ಎಂದು ತಾವೇ ಬರೆದುಕೊಳ್ಳಲಿ. ಆಮೇಲೆ ಕ್ಯಾವೆಂಡಿಷನ ೫.೫ನ್ನು ಅದರ ಪಕ್ಕದಲ್ಲಿ ಬರೆಯಿರಿ. ಉಳಿದ ಪ್ರಶ್ನೆಗಳನ್ನು ಮಕ್ಕಳೇ ಕೇಳುವರು.