ತೋಟದ ಮಕ್ಕಳ ಮೊದಲ ಆರು ವರ್ಷ



ಬೋರ್ಡೋ ದ್ರಾವಣ, ಕಾಂಡಕೊರಕ, ಗೊಬ್ಬರದ ಪ್ರಮಾಣ ಮುಂತಾದ ವಿಷಯಗಳನ್ನು ಈ ಪತ್ರಿಕೆಯಲ್ಲಿ ನಾವು ಚರ್ಚಿಸುತ್ತಲೇ ಬಂದಿದ್ದೇವೆ. ಈ ಸಲ ಬೇರೊಂದು ವಿಷಯವನ್ನು ತಮ್ಮ ಮುಂದಿಡುತ್ತಿದ್ದೇವೆ. ಕೊಯ್ಲಿನ ದಿನಗಳಲ್ಲಿ ಕೆಲಸಕ್ಕೆ ಬರುವ ಹೆಂಗಸರ ಜತೆಯಲ್ಲಿ ಅವರ ಎಳೆಯ ಮಕ್ಕಳೂ ನಮ್ಮ ತೋಟಗಳಿಗೆ ಬರುತ್ತವೆ. ತಾಯಿ ಹಣ್ಣು ಕೊಯ್ಯುತ್ತಿದ್ದರೆ ಕೂಸು ನೆರಳಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿರುತ್ತದೆ. ಅದನ್ನು ತೂಗುವವಳು ಐದು ವರ್ಷದ ಅಕ್ಕ. ಅಡಿಕೆ ಸುಲಿಯುವ ಕಡೆ ಮೆಟ್ಟುಗತ್ತಿಗಳ ಮಗ್ಗುಲಲ್ಲೇ ಮಕ್ಕಳು ಆಡುತ್ತಿರುತ್ತವೆ. ನೋಡಿ ನೋಡಿ ನಮಗೆಲ್ಲ ಇದು ರೂಢಿಯಾಗಿದೆ. ಆದರೆ ಈ ವಯಸ್ಸಿನ ಮಕ್ಕಳ ಬಗ್ಗೆ ಕಳೆದ ಅರವತ್ತು ವರ್ಷಗಳಲ್ಲಿ ನಡೆದಿರುವ ಸಂಶೋಧನೆಗಳನ್ನು ಓದಿದ ಮೇಲೆ, ಸುಮ್ಮನಿರುವುದು ಸರಿಯಲ್ಲವೆಂದು ನಮಗೆ ತೋರಿದೆ.

ಎರಡು ಪ್ರಯೋಗಗಳು

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ ಡೇವಿಡ್ ವೈಕಾರ್ಟ್ ಎಂಬುವರು 1962ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಬಡ ಕರಿಯ ಜನಾಂಗದ ಕುಟುಂಬಗಳ 123 ಮಕ್ಕಳನ್ನು ಆರಿಸಿಕೊಂಡು, 58 ಮಕ್ಕಳಿಗೆ ಮೂರು–ನಾಲ್ಕು ವರ್ಷದ ವಯಸ್ಸಿನಲ್ಲಿ ಉತ್ತಮ ಶಿಶುವಿಹಾರದ ಶಿಕ್ಷಣ ಕೊಟ್ಟರು. ದಿನಕ್ಕೆ ಎರಡೂವರೆ ಗಂಟೆ ತರಗತಿ. ವಾರಕ್ಕೊಮ್ಮೆ ಶಿಕ್ಷಕಿ ಮಗುವಿನ ಮನೆಗೇ ಹೋಗಿ ತಾಯಿಯೊಡನೆ ಕುಳಿತು ಕಲಿಸುವುದು. ಉಳಿದ 65 ಮಕ್ಕಳಿಗೆ ಈ ಸೌಲಭ್ಯವಿರಲಿಲ್ಲ. ಬಳಿಕ ಎರಡೂ ಗುಂಪಿನವರನ್ನು ನಲವತ್ತು ವರ್ಷ ವಯಸ್ಸಿನವರೆಗೆ ಹಿಂಬಾಲಿಸಿ ವಿಚಾರಿಸಿದರು.

ಮೊದಮೊದಲು ಬುದ್ಧಿಮಾಪನ ಪರೀಕ್ಷೆಯಲ್ಲಿ ಶಿಶುವಿಹಾರದ ಮಕ್ಕಳು ಮುಂದಿದ್ದರು. ಕೆಲವೇ ವರ್ಷಗಳಲ್ಲಿ ಆ ಅಂತರ ಅಳಿಸಿಹೋಯಿತು. ಅಷ್ಟಕ್ಕೇ ಲೆಕ್ಕ ಮುಗಿಸಿದ್ದರೆ ಪ್ರಯೋಗ ಸೋತಿತೆಂದೇ ಬರೆಯಬೇಕಾಗುತ್ತಿತ್ತು. ಆದರೆ ಫಲ ಕಂಡದ್ದು ಆಮೇಲೆ. ನಲವತ್ತನೆಯ ವಯಸ್ಸಿನಲ್ಲಿ ಶಿಶುವಿಹಾರಕ್ಕೆ ಹೋದವರಲ್ಲಿ ಶೇ. 76 ಮಂದಿ ಉದ್ಯೋಗದಲ್ಲಿದ್ದರು, ಹೋಗದವರಲ್ಲಿ ಶೇ. 62. ಐದು ಅಥವಾ ಹೆಚ್ಚು ಸಲ ಪೊಲೀಸರ ಬಂಧನಕ್ಕೊಳಗಾದವರು ಮೊದಲ ಗುಂಪಿನಲ್ಲಿ ಶೇ. 36, ಎರಡನೆಯದರಲ್ಲಿ ಶೇ. 55. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಮಾಡಿದ ಲೆಕ್ಕದಂತೆ, ಇದಕ್ಕೆ ಹಾಕಿದ ಹಣದಿಂದ ಸಮಾಜಕ್ಕೆ ಬಂದ ಪ್ರತಿಫಲ ವರ್ಷಕ್ಕೆ ಶೇ. 7ರಿಂದ 10. ಬೆಳೆಗಾರರಾದ ನಮಗೆ ಇದು ಅರ್ಥವಾಗದ ಮಾತಲ್ಲ. ತಾಯಿಬೇರು ಸೊಟ್ಟಗಾದ ಕಾಫಿ ಸಸಿಯೂ ನೆಟ್ಟ ಮೊದಲೆರಡು ವರ್ಷ ಹಸಿರಾಗಿಯೇ ಕಾಣುತ್ತದೆ. ವ್ಯತ್ಯಾಸ ತಿಳಿಯುವುದು ಗಿಡ ಫಸಲಿಗೆ ಬಂದ ಮೇಲೆ.

ಎರಡನೆಯದು ಜಮೈಕಾ ದೇಶದ್ದು. ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ, ಬೆಳವಣಿಗೆ ಕುಂಠಿತವಾದ 129 ಎಳೆ ಮಕ್ಕಳ ಮೇಲೆ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ 1986–87ರಲ್ಲಿ ಅಧ್ಯಯನ ಆರಂಭಿಸಿದರು. ಆರೋಗ್ಯ ಸಹಾಯಕಿಯೊಬ್ಬಳು ಎರಡು ವರ್ಷ ಕಾಲ ವಾರಕ್ಕೆ ಒಂದು ಗಂಟೆ ಮನೆಗೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವುದನ್ನೂ ಮಗುವಿನೊಡನೆ ಮಾತಾಡುವುದನ್ನೂ ತಾಯಿಗೆ ತೋರಿಸಿಕೊಡುತ್ತಿದ್ದಳು. ಇಪ್ಪತ್ತು ವರ್ಷಗಳ ನಂತರ ಈ ಮಕ್ಕಳ ಸಂಪಾದನೆ, ಅಂಥ ಸಹಾಯ ಸಿಗದವರಿಗಿಂತ ಸುಮಾರು ಶೇ. 25 ಹೆಚ್ಚಿತ್ತು. ದೊಡ್ಡ ಕಟ್ಟಡವಿಲ್ಲ, ದುಬಾರಿ ಸಾಮಾನಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು.

ಅಂಗನವಾಡಿಯ ವಿಚಾರ

ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲು ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಆಹಾರ, ಚುಚ್ಚುಮದ್ದು, ತೂಕ ನೋಡುವುದು, ಪಾಠ, ದಾಖಲೆ ಎಲ್ಲದರ ಭಾರ ಒಬ್ಬ ಕಾರ್ಯಕರ್ತೆಯ ಮೇಲೆ. ಒಬ್ಬ ಸಹಾಯಕಿ ಇದ್ದರೂ ಪಾಠಕ್ಕೆ ಸಮಯ ಉಳಿಯುವುದು ಕಡಿಮೆ. ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ನೇಮಿಸಿದಾಗ ಪಾಠದ ಸಮಯ ಎರಡರಷ್ಟಾಯಿತು. ಮಕ್ಕಳ ಲೆಕ್ಕ ಮತ್ತು ಭಾಷೆ ಸುಧಾರಿಸಿತು, ಅಪೌಷ್ಟಿಕತೆಯೂ ಇಳಿಯಿತು. ಕೊರತೆ ಇರುವುದು ಯೋಜನೆಯಲ್ಲಲ್ಲ, ಕೈಗಳಲ್ಲಿ.

ಸಣ್ಣ ತೋಟಗಳ ತೊಡಕು

1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆಯಲ್ಲಿ ಶಿಶುಪಾಲನಾ ಕೇಂದ್ರದ ವಿಧಿ ಇತ್ತು: 50 ಹೆಣ್ಣು ಕಾರ್ಮಿಕರು ಅಥವಾ ಅವರ 20 ಮಕ್ಕಳು ಇದ್ದ ತೋಟದಲ್ಲಿ ಮಾಲೀಕರು ಅದನ್ನು ನಡೆಸಬೇಕಿತ್ತು. 1981ರ ತಿದ್ದುಪಡಿಯ ನಂತರವೂ 5 ಹೆಕ್ಟೇರಿಗಿಂತ ಚಿಕ್ಕ ಹಿಡುವಳಿ ಕಾಯಿದೆಯ ಹೊರಗೇ ಉಳಿಯಿತು. ಕಾಯಿದೆ ಹೆಸರಿಸಿದ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅಡಿಕೆಯ ಹೆಸರು ಅದರಲ್ಲಿರಲಿಲ್ಲ. ಈ ಕಾಯಿದೆಯನ್ನು 2020ರ ವೃತ್ತಿ ಸುರಕ್ಷತಾ ಸಂಹಿತೆಯೊಳಗೆ ಸೇರಿಸಲಾಯಿತು. ಎರಡು ಎಕರೆ, ನಾಲ್ಕು ಎಕರೆಯವರಾದ ನಮ್ಮಲ್ಲಿ ಕೆಲಸಕ್ಕೆ ಬರುವವಳ ಮಗುವನ್ನು ಈ ವಿಧಿ ಎಂದೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಂಗನವಾಡಿ ಇಲ್ಲದ ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದರೆ, ಬೇಡಿಕೆ ಬಂದ ಮೂರು ತಿಂಗಳಲ್ಲಿ ಅಂಗನವಾಡಿ ತೆರೆಯಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ಆದೇಶಿಸಿತು. ಒಳ್ಳೆಯದೇ. ಆದರೆ ಗುಡ್ಡಕ್ಕೊಂದು ಮನೆ, ಹಳ್ಳದಾಚೆ ಇನ್ನೊಂದು ಮನೆ ಇರುವ ಮಲೆನಾಡಿನಲ್ಲಿ ಒಂದೇ ಕಡೆ ನಲವತ್ತು ಮಕ್ಕಳು ಎಲ್ಲಿಂದ ಬರಬೇಕು?

ಸಂಘ ಏನು ಮಾಡಬಹುದು?

ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡುವುದಕ್ಕೇ ಸಹಕಾರ ಸಂಘವಿರುವುದು. ಅಕ್ಕಪಕ್ಕದ ಆರೇಳು ತೋಟದವರು ಸೇರಿ, ಕೊಯ್ಲಿನ ಮೂರು ತಿಂಗಳ ಮಟ್ಟಿಗೆ ಒಂದು ಕೋಣೆ ಬಿಟ್ಟುಕೊಟ್ಟು, ಮಕ್ಕಳನ್ನು ಪ್ರೀತಿಯಿಂದ ನೋಡಿಕೊಳ್ಳಬಲ್ಲ ಊರಿನ ಒಬ್ಬ ಹೆಣ್ಣುಮಗಳಿಗೆ ಸಂಬಳ ಕೊಡಬಹುದು. ಮಧ್ಯಾಹ್ನದ ಊಟ, ಕುಡಿಯಲು ಕಾಯಿಸಿದ ನೀರು, ಕತೆ, ಹಾಡು, ಎಣಿಸಲು ಹುಣಸೆಬೀಜ – ಆರಂಭಕ್ಕೆ ಇಷ್ಟು ಸಾಕು.

“ಕೂಲಿ, ಗೊಬ್ಬರ, ಔಷಧಿಯ ಖರ್ಚೇ ಹೊರಲಾಗದು, ಇದೊಂದು ಬೇರೆಯೇ?” ಎಂದು ಕೆಲವು ಸದಸ್ಯರು ಕೇಳಿಯಾರು. ಕೇಳತಕ್ಕ ಪ್ರಶ್ನೆಯೇ. ಒಬ್ಬಳ ಸಂಬಳ ಏಳು ಮನೆಗೆ ಹಂಚಿದರೆ ತಲಾ ಎಷ್ಟಾದೀತೆಂದು ತಾವೇ ಲೆಕ್ಕ ಹಾಕಿ ನೋಡಬೇಕು. ಆಳು ಸಿಗುವುದಿಲ್ಲವೆಂದು ದೂರುವ ನಾವು, ಮಗುವಿಗೆ ನೆರಳಿರುವ ತೋಟವನ್ನು ತಾಯಿ ಮರುವರ್ಷ ಮರೆಯುವಳೇ ಎಂಬುದನ್ನೂ ಯೋಚಿಸಬೇಕು.

ಸರ್ಕಾರದ ನೆರವನ್ನು ಕೇಳುವುದೂ ನಮ್ಮ ಕೆಲಸವೇ. ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿತು. ನಮ್ಮ ಪಂಚಾಯಿತಿಯಲ್ಲಿ ಅದರ ಸ್ಥಿತಿ ಏನೆಂದು ಸದಸ್ಯರು ವಿಚಾರಿಸಬೇಕು. ಬೇರೆ ಊರುಗಳಿಂದ ಬಂದವರ ಮಕ್ಕಳ ಹೆಸರನ್ನು ಪೋಷಣ್ ಟ್ರ್ಯಾಕರ್ ಮೂಲಕ ಇಲ್ಲಿನ ಅಂಗನವಾಡಿಗೆ ವರ್ಗಾಯಿಸಲು ಅವಕಾಶವಿದೆ. ತಾಯಂದಿರಿಗೆ ಇದು ತಿಳಿದಿರುವುದಿಲ್ಲ. ಅವರನ್ನು ಕಾರ್ಯಕರ್ತೆಯ ಬಳಿಗೆ ಕರೆದೊಯ್ಯುವುದು ನಮಗೆ ಅರ್ಧ ದಿನದ ಕೆಲಸ.

ಇದಕ್ಕೆಲ್ಲ ಮೊದಲು ಲೆಕ್ಕ ಬೇಕು. ತಮ್ಮ ತೋಟಕ್ಕೆ ಕೊಯ್ಲಿನ ಕಾಲದಲ್ಲಿ ಬರುವ ಆರು ವರ್ಷದೊಳಗಿನ ಮಕ್ಕಳೆಷ್ಟು, ಹತ್ತಿರದ ಅಂಗನವಾಡಿ ಎಷ್ಟು ದೂರ, ಕೋಣೆ ಬಿಟ್ಟುಕೊಡಲು ಸಾಧ್ಯವೇ – ಈ ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು, ಗೊಬ್ಬರ ಒಯ್ಯಲು ಬಂದಾಗ ಸಂಘದ ಕಚೇರಿಯಲ್ಲಿ ಕೊಡಬೇಕಾಗಿ ಕೋರುತ್ತೇವೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಲೆಕ್ಕವನ್ನು ಮುಂದಿಟ್ಟುಕೊಂಡೇ ಈ ವಿಷಯದ ಚರ್ಚೆ ನಡೆಸೋಣ.

– ಕಾರ್ಯದರ್ಶಿ