ಬಿಪಿ ಮಾತ್ರೆಯ ಜೊತೆಗೆ ಸಾಲದ ಪಟ್ಟಿ

ತಲೆನೋವು, ನಿದ್ರೆ ಇಲ್ಲ, ಊಟವಾದ ಮೇಲೆ ಎದೆಯುರಿ. ನಲವತ್ತೇಳು ವರ್ಷದ ಆ ಗೃಹಸ್ಥರು ಮೊದಲ ಸಲ ಬಂದಾಗ ಹೇಳಿಕೊಂಡದ್ದು ಇಷ್ಟೇ. ಖಾಸಗಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಸಿಗರೇಟಿಲ್ಲ, ಕುಡಿತವಿಲ್ಲ. ರಕ್ತದೊತ್ತಡ ನೋಡಿದರೆ 160/100. ಉಪ್ಪು ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ ಎಂದು ಹೇಳಿ ಮಾತ್ರೆ ಬರೆದುಕೊಟ್ಟೆ. ತಿಂಗಳ ನಂತರ ಬಂದಾಗ ಇಳಿದಿರಲಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಿಸಿದೆ. ಇನ್ನೊಂದು ತಿಂಗಳು ಕಳೆದರೂ ಅದೇ ಕಥೆ. ಆ ಸಲ ಅವರ ಹೆಂಡತಿಯೂ ಜೊತೆಗೆ ಬಂದಿದ್ದರು. "ಫೋನು ರಿಂಗಾದರೆ ಸಾಕು, ಇವರು ಬೆಚ್ಚಿಬೀಳ್ತಾರೆ ಡಾಕ್ಟ್ರೇ. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡ್ತಾರೆ" ಎಂದರು ಆಕೆ. ಗೃಹಸ್ಥರು ತಲೆ ತಗ್ಗಿಸಿದರು. ಎರಡು ತಿಂಗಳಿಂದ ನಾನು ಕೇಳದೇ ಬಿಟ್ಟಿದ್ದ ಪ್ರಶ್ನೆಯನ್ನು ಆಗ ಕೇಳಿದೆ. "ಸಾಲ ಎಷ್ಟಿದೆ?"

"ಒಂದೆರಡು ಲಕ್ಷ ಇರಬಹುದು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ವಿಷಯವೂ ಹೊರಬಂತು. ಬಿಪಿ ಮಾತ್ರೆಯನ್ನು ಅವರು ದಿನ ಬಿಟ್ಟು ದಿನ ನುಂಗುತ್ತಿದ್ದರು. ಒಂದು ತಿಂಗಳಿಗೆ ತಂದದ್ದು ಎರಡು ತಿಂಗಳು ಬರಲಿ ಎಂದು! ನಾನು ಕುರುಡಾಗಿ ಪ್ರಮಾಣ ಹೆಚ್ಚಿಸುತ್ತ ಕೂತಿದ್ದೆ.

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಂಥ ಮನೆಗಳು ನಮ್ಮ ನಿಮ್ಮ ಬೀದಿಯಲ್ಲೇ ಇವೆ.)

ಸಾಲಕ್ಕೂ ಶರೀರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅಪಾಯ ಎದುರಾದಾಗ ನಮ್ಮ ದೇಹ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸದೂತಗಳನ್ನು ಬಿಡುಗಡೆ ಮಾಡುತ್ತದೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ನಿದ್ರೆ ದೂರವಾಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇದು ಐದು ನಿಮಿಷದ ಮಾತು. ಸಾಲದ ನಾಯಿ ಮಾತ್ರ ಮನೆಯೊಳಗೇ ಮಲಗಿರುತ್ತದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮನಸ್ಸು ಲೆಕ್ಕ ಹಾಕತೊಡಗುತ್ತದೆ. ಕತ್ತು, ಭುಜ ಹಿಡಿದುಕೊಳ್ಳುತ್ತವೆ. ಮಕ್ಕಳ ಮೇಲೆ ವಿನಾಕಾರಣ ರೇಗುವುದು ಶುರುವಾಗುತ್ತದೆ. ಅಮೆರಿಕದಲ್ಲಿ 24ರಿಂದ 32 ವರ್ಷದ ಸುಮಾರು 8,400 ಯುವಜನರನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ಆಸ್ತಿಗೆ ಹೋಲಿಸಿದರೆ ಸಾಲ ಹೆಚ್ಚಿದ್ದವರಲ್ಲಿ ಮಾನಸಿಕ ಒತ್ತಡ, ಖಿನ್ನತೆ ಹೆಚ್ಚಾಗಿತ್ತು. ರಕ್ತದೊತ್ತಡದ ಕೆಳಗಿನ ಸಂಖ್ಯೆಯೂ ಹೆಚ್ಚಾಗಿತ್ತು. ಸಾಲವೇ ಇದಕ್ಕೆಲ್ಲ ಕಾರಣವೆಂದು ಇಂಥ ಅಧ್ಯಯನದಿಂದ ಸಾಧಿಸಲಾಗದು. ಆದರೆ ಎರಡೂ ಜೊತೆಜೊತೆಯಾಗಿ ಓಡಾಡುತ್ತವೆ ಎಂಬುದು ನಮ್ಮಂಥ ವೈದ್ಯರಿಗೆ ದಿನನಿತ್ಯದ ಅನುಭವ.

ಒಂದು ಹಾಳೆ, ಇಬ್ಬರು ಜನ

ಆ ದಂಪತಿಗೆ ನಾನು ಹೇಳಿದ್ದು ಒಂದೇ ಕೆಲಸ. ಭಾನುವಾರ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂತು, ಒಂದೇ ಹಾಳೆಯಲ್ಲಿ ಎಲ್ಲ ಸಾಲ ಬರೆಯಿರಿ. ಯಾರಿಗೆ, ಅಸಲು ಎಷ್ಟು ಬಾಕಿ, ಬಡ್ಡಿ ಎಷ್ಟು, ತಿಂಗಳಿಗೆ ಕಟ್ಟುವುದೆಷ್ಟು, ಯಾವ ತಾರೀಕು. ಸಣ್ಣದೆಂದು ಏನನ್ನೂ ಬಿಡಬೇಡಿ. ಬರೆಯುವಾಗ "ಇದನ್ಯಾಕೆ ಮಾಡಿದ್ರಿ" ಎಂಬ ಮಾತು ಇಬ್ಬರ ಬಾಯಲ್ಲೂ ಬರಕೂಡದು. ಜಗಳಕ್ಕೆ ಬೇರೆ ದಿನ ಇಟ್ಟುಕೊಳ್ಳಿ!

ಹಾಳೆ ಹೀಗಿತ್ತು. ಕ್ರೆಡಿಟ್ ಕಾರ್ಡ್ ಬಾಕಿ 60,000. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯ ಕೈಸಾಲ 40,000. ಒಡವೆ ಅಡವಿಟ್ಟು ತಂದದ್ದು 1,00,000. ಬೈಕಿನ ಸಾಲ 41,000. ಭಾವನಿಂದ ಪಡೆದ ಕೈಗಡ 25,000. ಮೊಬೈಲ್ ಆ್ಯಪ್ ಒಂದರ ಸಾಲ 8,000. ದಿನಸಿ ಅಂಗಡಿಯ ಬಾಕಿ 4,500. ಕೊನೆಯ ಸಾಲು ಹೆಂಡತಿಯ ಕೈಬರಹದಲ್ಲಿತ್ತು. ಸಂಘದ ಸಾಲ 18,000. ಮಗನ ಶಾಲೆಯ ಫೀಸಿಗೆಂದು ಆಕೆ ತೆಗೆದದ್ದು, ಗಂಡನಿಗೆ ಗೊತ್ತೇ ಇರಲಿಲ್ಲ. ಗಂಡ ಕೈಸಾಲದ ವಿಷಯ ಮುಚ್ಚಿಟ್ಟಿದ್ದರು, ಹೆಂಡತಿ ಸಂಘದ್ದು ಮುಚ್ಚಿಟ್ಟಿದ್ದರು. ಒಂದೇ ಸೂರಿನಡಿ ಇಬ್ಬರೂ ಪ್ರತ್ಯೇಕವಾಗಿ ನಿದ್ರೆಗೆಟ್ಟಿದ್ದರು.

ಒಟ್ಟು 2,96,500 ರೂಪಾಯಿ. ಅಂದಾಜಿಗಿಂತ ಲಕ್ಷದಷ್ಟು ಜಾಸ್ತಿ. ಆದರೂ ಅಂದು ರಾತ್ರಿ ಬಹಳ ದಿನಗಳ ನಂತರ ಬೆಳಗಿನವರೆಗೆ ನಿದ್ರೆ ಬಂತೆಂದು ಅವರು ಹೇಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ತಲೆಯೊಳಗೆ ಸುತ್ತುವ ಅಂಕಿಗೆ ಅಂಚಿಲ್ಲ. ಕಾಗದದ ಮೇಲಿನ ಅಂಕಿ ಎಷ್ಟೇ ದೊಡ್ಡದಾದರೂ ಅಲ್ಲಿಗೇ ನಿಲ್ಲುತ್ತದೆ.

ಯಾವುದು ಮೊದಲು?

ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸಬೇಕು ಎಂಬುದು ಲೆಕ್ಕದ ಮಾತು, ಅದು ಸರಿಯೇ. ಆದರೆ ಮನಸ್ಸಿನ ಲೆಕ್ಕವೂ ಒಂದಿದೆ. ಸಿಂಗಪುರದಲ್ಲಿ ಬಡ ಕುಟುಂಬಗಳ ಹಳೆಯ ಬಾಕಿಗಳನ್ನು ಧರ್ಮಸಂಸ್ಥೆಯೊಂದು ತೀರಿಸಿಕೊಟ್ಟಾಗ, 196 ಮಂದಿಯನ್ನು ಸಂಶೋಧಕರು ಮೊದಲೂ ಆಮೇಲೂ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ನೆಮ್ಮದಿ ತಂದದ್ದು ತೀರಿದ ಹಣದ ಮೊತ್ತಕ್ಕಿಂತ ಮುಚ್ಚಿಹೋದ ಖಾತೆಗಳ ಸಂಖ್ಯೆ. ಒಂದೊಂದು ಖಾತೆ ಮುಚ್ಚಿದಂತೆ ಆತಂಕ ಇಳಿಯಿತು, ಯೋಚನೆಯೂ ಚುರುಕಾಯಿತು. ಎಂಟು ಕಡೆ ಸಾಲವಿದ್ದರೆ ಎಂಟು ತಾರೀಕು, ಎಂಟು ಮುಖ ತಲೆಯಲ್ಲಿ ಕೂತಿರುತ್ತವೆ.

ಹಾಗಾಗಿ ಅಂಗಡಿ ಬಾಕಿಯನ್ನೂ ಆ್ಯಪ್ ಸಾಲವನ್ನೂ ಮೊದಲು ಮುಗಿಸಿ ಎಂದೆ. ಆ ವರ್ಷದ ಬೋನಸ್ಸಿನಲ್ಲಿ ಎರಡೂ ಹೋದವು. ದಿನಸಿ ಅಂಗಡಿಯ ಮುಂದೆ ತಲೆಯೆತ್ತಿ ನಡೆಯುವುದಕ್ಕೆ 4,500 ರೂಪಾಯಿ ದೊಡ್ಡ ಬೆಲೆಯಲ್ಲ. ಆ್ಯಪ್ ಅನ್ನು ಫೋನಿನಿಂದಲೇ ತೆಗೆಸಿದೆ.

ಆಮೇಲೆ ಬಡ್ಡಿಯ ಸರದಿ. ಕಾರ್ಡು, ಕೈಸಾಲ, ಅಡವು, ಈ ಮೂರಕ್ಕೆ ಅವರು ತಿಂಗಳಿಗೆ 6,000 ರೂಪಾಯಿ ಕಟ್ಟುತ್ತಿದ್ದರು. ಕೈಸಾಲಕ್ಕೆ 2,000, ಅಡವಿಗೆ 1,000. ಎರಡೂ ಪೂರ್ತಿ ಬಡ್ಡಿ. ಕಾರ್ಡಿಗೆ 'ಕನಿಷ್ಠ ಪಾವತಿ' 3,000. ಅದರಲ್ಲಿ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿಯೇ 2,100, ಬಡ್ಡಿಯ ಮೇಲೆ ಜಿಎಸ್‌ಟಿ 378. ಅಂದರೆ ಆರು ಸಾವಿರದಲ್ಲಿ ಅಸಲಿಗೆ ಹೋದದ್ದು ಬರೀ 522 ರೂಪಾಯಿ! ಐದು ರೂಪಾಯಿ ಬಡ್ಡಿಯ ಸಾಲಕ್ಕೆ ಇಪ್ಪತ್ತು ತಿಂಗಳು ಬಡ್ಡಿ ಕಟ್ಟಿದರೆ ಅಸಲಿನಷ್ಟೇ ಹಣ ಕೊಟ್ಟಂತಾಗುತ್ತದೆ, ಅಸಲು ಮಾತ್ರ ಹಾಗೇ ಇರುತ್ತದೆ. ನಿಮ್ಮ ಮನೆಯ ಲೆಕ್ಕವನ್ನೂ ಒಮ್ಮೆ ಹೀಗೆ ಬಿಡಿಸಿ ನೋಡಿ. 'ಫ್ಲಾಟ್' ಬಡ್ಡಿ ಎಂದು ಹೇಳಿ ಕೊಡುವ ಸಾಲದಲ್ಲೂ ಎಚ್ಚರ ಬೇಕು. ಮೂರು ವರ್ಷದ ಕಂತಿನ ಸಾಲಕ್ಕೆ ಶೇಕಡಾ 12 ಫ್ಲಾಟ್ ಎಂದರೆ, ಇಳಿಯುವ ಅಸಲಿನ ಲೆಕ್ಕದಲ್ಲಿ ಅದು ಸುಮಾರು ಶೇಕಡಾ 21 ಆಗುತ್ತದೆ.

ದುಬಾರಿ ಸಾಲವನ್ನು ಅಗ್ಗದ ಸಾಲದಿಂದ ತೀರಿಸುವುದು ಒಂದು ದಾರಿ. ಕಚೇರಿಯ ಸಹಕಾರ ಸಂಘವೋ ಬ್ಯಾಂಕೋ ಕಡಿಮೆ ಬಡ್ಡಿಗೆ ಕೊಡುವುದಾದರೆ ಸರಿ, ಆದರೆ ತೀರಿಸಿದ ಕಾರ್ಡನ್ನು ಮತ್ತೆ ಉಜ್ಜತೊಡಗಿದರೆ ಒಂದಿದ್ದದ್ದು ಎರಡಾಗುತ್ತದೆ. ಈ ಮನೆಯವರು ಬೇರೆ ದಾರಿ ಹಿಡಿದರು. ಅಡವಿನಲ್ಲಿದ್ದದ್ದು ಆಕೆಯ ತಾಯಿ ಕೊಟ್ಟ ಸರ. ಚಿನ್ನದ ಬೆಲೆ ಆಗಿನಿಂದ ಏರಿತ್ತು. ಮಾರಿದರೆ ಅಡವಿನ ಸಾಲವೂ ತೀರಿ ಕೈಸಾಲಕ್ಕೂ ಆಗುವಷ್ಟು ಉಳಿಯುತ್ತಿತ್ತು. ನಾನು ಈ ವಿಷಯದಲ್ಲಿ ಬಾಯಿ ಹಾಕಲಿಲ್ಲ. ಹೆಂಡತಿಯ ಒಡವೆ ಹೆಂಡತಿಯ ನಿರ್ಧಾರ. ಗಂಡ ಕೇಳುವುದಕ್ಕೂ ಸಂಕೋಚಪಡಬೇಕಾದ ವಿಷಯ. ಆಕೆಯೇ ಹೇಳಿದರು: "ಮೂರು ವರ್ಷದಿಂದ ಅದು ನನ್ನ ಕತ್ತಿನಲ್ಲಿಲ್ಲ, ಬಡ್ಡಿ ಮಾತ್ರ ಕಟ್ತಾ ಇದೀವಿ. ಹೋಗಲಿ ಬಿಡಿ." ಹೇಳಿ ಮುಗಿಸಿದ ಮೇಲೆ ಕಣ್ಣೊರೆಸಿಕೊಂಡರು.

ಹೀಗೆ ತಿಂಗಳಿಗೆ 3,000 ರೂಪಾಯಿ ಬಿಡುವಾಯಿತು. ಅದನ್ನೂ ಕಾರ್ಡಿಗೇ ತಿರುಗಿಸಿದರು. ತಿಂಗಳಿಗೆ 3,000 ಕಟ್ಟುತ್ತಿದ್ದರೆ ಆ ಬಾಕಿ ತೀರಲು ಮೂರೂವರೆ ವರ್ಷ ದಾಟುತ್ತಿತ್ತು. 6,000 ಕಟ್ಟಿ, ಹೊಸದಾಗಿ ಏನನ್ನೂ ಕೊಳ್ಳದಿದ್ದರೆ ಹದಿನಾಲ್ಕು ತಿಂಗಳೊಳಗೆ ಮುಗಿಯುತ್ತದೆ.

ಭಾವನ 25,000ಕ್ಕೆ ಬಡ್ಡಿ ಇರಲಿಲ್ಲ. ಆದರೆ ಆ ಸಾಲಕ್ಕಾಗಿ ಇವರು ಅಕ್ಕನ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಗೌರಿಹಬ್ಬಕ್ಕೂ ಹೋಗಿರಲಿಲ್ಲ. "ಹೋಗಿ, ಈಗ ಆಗ್ತಿಲ್ಲ, ಕಾರ್ಡು ಮುಗಿದ ಮೇಲೆ ತಿಂಗಳಿಗೆ ಇಷ್ಟಿಷ್ಟು ಕೊಡ್ತೀನಿ ಎಂದು ಹೇಳಿ ಬನ್ನಿ" ಎಂದೆ. ಹೋದರು. ಭಾವ ಬೈಯಲಿಲ್ಲ, ಬೋಂಡ ಮಾಡಿಸಿ ತಿನ್ನಿಸಿದರಂತೆ. ಎಲ್ಲ ಭಾವಂದಿರೂ ಹೀಗಿರುತ್ತಾರೆಂದು ನಾನು ಭರವಸೆ ಕೊಡಲಾರೆ!

ಸಾಲ ಕೊಟ್ಟವರ ಜೊತೆ

ಕಂತು ತಪ್ಪುವ ಸೂಚನೆ ಕಂಡೊಡನೆ, ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ. ಕಂತಿನ ಅವಧಿ ಹೆಚ್ಚಿಸಿ ಎಂದು ಲಿಖಿತವಾಗಿ ಕೇಳಿ. ಫೋನು ಎತ್ತದೆ ತಪ್ಪಿಸಿಕೊಳ್ಳುವುದರಿಂದ ಬಡ್ಡಿಯೂ ಬಿಪಿಯೂ ಒಟ್ಟಿಗೇ ಏರುತ್ತವೆ. ಖಾಲಿ ಚೆಕ್ಕಿಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ. ಸಾಲ ತೀರಿದ ದಿನವೇ ಬಾಕಿ ಇಲ್ಲವೆಂಬ ಪತ್ರ ಬರೆಸಿಕೊಳ್ಳಿ.

ಸಾಲ ಮಾಡಿದವರಿಗೂ ಮಾನವಿದೆ, ಕಾನೂನಿನ ರಕ್ಷಣೆಯೂ ಇದೆ. ಬೆಳಿಗ್ಗೆ 8 ಗಂಟೆಗೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನು ಮಾಡಬಾರದು, ಬೆದರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ ತಾಕೀತು ಮಾಡಿದೆ. ಬ್ಯಾಂಕು ನಿಮ್ಮ ದೂರಿಗೆ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನು ಮಾಡಿ ವಿಚಾರಿಸಬಹುದು. ಖಾಸಗಿಯವರ ವಿಪರೀತ ಬಡ್ಡಿಯ ವಿರುದ್ಧ ಕರ್ನಾಟಕದಲ್ಲಿ 2004ರ ಕಾಯ್ದೆಯಿದೆ. ಕಿರುಸಾಲದವರ ಬಲವಂತದ ವಸೂಲಿ ತಡೆಯಲು 2025ರಲ್ಲಿ ಸುಗ್ರೀವಾಜ್ಞೆ ಬಂದು, ಆಮೇಲೆ ಕಾಯ್ದೆಯೂ ಆಯಿತು. ಮನೆ ಬಾಗಿಲಿಗೆ ಬಂದು ಕೂಗಾಡುವವರನ್ನು ಕಂಡು ಬಚ್ಚಲುಮನೆ ಸೇರಬೇಕಾಗಿಲ್ಲ, ಪೊಲೀಸ್ ಠಾಣೆಗೆ ಹೋಗಬಹುದು.

ಕಂತು ಕಟ್ಟಲೆಂದು ಔಷಧ ನಿಲ್ಲಿಸಬೇಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಅರ್ಧ ಮಾಡಿ ಉಳಿಸಿದ ನೂರಿನ್ನೂರು ರೂಪಾಯಿ, ಮುಂದೆ ಪಾರ್ಶ್ವವಾಯುವೋ ಹೃದಯಾಘಾತವೋ ಆದರೆ ಲಕ್ಷಗಳ ಸಾಲವಾಗಿ ತಿರುಗಿ ಬರುತ್ತದೆ. ದುಬಾರಿ ಅನಿಸಿದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ. ಜನೌಷಧಿ ಕೇಂದ್ರಗಳಲ್ಲಿ ಸಾಮಾನ್ಯವಾದ ಬಿಪಿ ಮಾತ್ರೆಗಳು ತೀರಾ ಕಡಿಮೆ ಬೆಲೆಗೆ ಸಿಗುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲೂ ಕೇಳಿ ನೋಡಿ. ಶಸ್ತ್ರಚಿಕಿತ್ಸೆಗೆಂದು ಬಡ್ಡಿಯವರ ಬಳಿ ಓಡುವ ಮೊದಲು ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆಂದು ಆಸ್ಪತ್ರೆಯಲ್ಲೇ ವಿಚಾರಿಸಬೇಕು. ವರ್ಷಕ್ಕೆ ಐದು ಲಕ್ಷದವರೆಗೆ ಸೌಲಭ್ಯವಿದೆ.

ಮನೆಯವರು ಗಮನಿಸಬೇಕಾದ ಲಕ್ಷಣಗಳೂ ಇವೆ. ಊಟ ಬಿಡುವುದು, ಯಾರೊಡನೆಯೂ ಮಾತಿಲ್ಲದಿರುವುದು, ಹೊಸದಾಗಿ ಕುಡಿತ ಕಲಿಯುವುದು, "ನಾನಿಲ್ಲದಿದ್ದರೆ ನಿಮಗೆಲ್ಲ ಸುಖ" ಎಂಬಂಥ ಮಾತು. ಈ ಮಾತನ್ನು ಸಿಟ್ಟಿನದೆಂದು ತಳ್ಳಿಹಾಕಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ನೇರವಾಗಿ ಕೇಳಿ, ಅಂದೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆ ದಂಪತಿ ಮೊನ್ನೆ ಬಂದಿದ್ದರು. ರಕ್ತದೊತ್ತಡ 138/88. ಮಾತ್ರೆ ಬಿಡಬಹುದೇ ಎಂದು ಕೇಳಿದರು. ಬಿಡಕೂಡದು ಎಂದೆ. ಎದೆಯುರಿ ಕಡಿಮೆಯಾಗಿದೆ, ರಾತ್ರಿ ಒಂದು ಸಲ ಈಗಲೂ ಎಚ್ಚರವಾಗುತ್ತದಂತೆ. ಹೆಂಡತಿ ಬ್ಯಾಗಿನಿಂದ ಮಡಿಸಿದ ಹಾಳೆ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಎಂಟರಲ್ಲಿ ನಾಲ್ಕಕ್ಕೆ ಗೆರೆ ಎಳೆದಿತ್ತು. ಸಂಘದ್ದು ಇನ್ನು ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದರು.